ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದ ಕೆಸರು

ಕೆಲವು ತಿಂಗಳ ಹಿಂದೆ ನಾನು ಸಿಕ್ಕಿಬಿದ್ದೆ.

ಕೇರಳದಿಂದ ಕಸ ತಂದು ನಮ್ಮ ಜಿಲ್ಲೆಯಲ್ಲಿ ಸುರಿಯುವವಳು ಎಂಬ ಆರೋಪ. ಹಾಡಹಗಲು. ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆ ಕಡೆ ಬರುವ ರಸ್ತೆಯ ಚೆಕ್‌ಪೋಸ್ಟ್. ಸುತ್ತ ಜನ. (ವಿಷಯ ತಿಳಿದಾಗ ನಮ್ಮ ಯಜಮಾನರು ಫೋನಿನಲ್ಲಿ ಕೇಳಿದ ಮೊದಲ ಮಾತು, "ಬಿಟ್ಟುಬಿಟ್ರಾ?" ಅದರಲ್ಲಿ ಆತಂಕವಿತ್ತೋ ನಿರಾಸೆಯಿತ್ತೋ ಇವತ್ತಿಗೂ ಗೊತ್ತಾಗಿಲ್ಲ.)

ಆರೋಪ ಶುದ್ಧ ಸುಳ್ಳು ಎಂದು ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ. ಗಾಡಿಯ ಹಿಂದೆ ಮುಚ್ಚಳ ಬಿಗಿದ ಡಬ್ಬಗಳಿದ್ದವು. ಡಬ್ಬಗಳಲ್ಲಿ ಕೇರಳದ ಕೆಸರಿತ್ತು. ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಸಾಲದ್ದಕ್ಕೆ ಕೆಲವು ಡಬ್ಬಗಳ ಮೇಲೆ ಕೆಂಪು ಮಾರ್ಕರಿನಲ್ಲಿ, ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಪೊಲ್ಯೂಟೆಡ್' ಎಂದು ಬರೆದಿತ್ತು. ಕದ್ದು ಕಸ ಸಾಗಿಸುವವರ ಪೈಕಿ ಇಷ್ಟು ಪ್ರಾಮಾಣಿಕವಾಗಿ ಲೇಬಲ್ ಅಂಟಿಸಿಕೊಂಡು ಬಂದವರು ನಾವೇ ಮೊದಲಿಗರಿರಬೇಕು.

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗಳು ಸಿಂಚನಾ.

ಚಾಮರಾಜನಗರದಲ್ಲಿ ನನ್ನ ಮನೆಯಲ್ಲೇ ಇದ್ದುಕೊಂಡು ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಪ್ರಾಣಿಶಾಸ್ತ್ರ. ಮಾತು ಕಡಿಮೆ. ಆಡಿದರೂ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ಹುಲಿ, ಆನೆ, ಕಡೇಪಕ್ಷ ಒಂದು ಮುಂಗುಸಿಯ ಮೇಲಾದರೂ ಸಂಶೋಧನೆ ಮಾಡುತ್ತಾಳೆ, ನೆಂಟರಿಗೆ ಹೇಳಿಕೊಳ್ಳಬಹುದು ಎಂದು ನಾನು ಕಾದಿದ್ದೆ. ಇವಳು ಆರಿಸಿಕೊಂಡದ್ದು ಅಕ್ಕಿಕಾಳಿಗಿಂತ ಚಿಕ್ಕ ಒಂದು ಹುಳ.

"ಹುಳ ಅಲ್ಲ ಚಿಕ್ಕಮ್ಮ, ಆಂಫಿಪಾಡ್. ಸೀಗಡಿ, ಏಡಿ ಇವುಗಳ ಬಳಗ."

ನಮ್ಮ ಮನೆಯಲ್ಲಿ ಅದು ಮಾರನೇ ದಿನವೇ ಬರೀ 'ಪಾಡು' ಆಯಿತು. ಅವುಗಳ ಪಾಡು ಅವಕ್ಕೆ, ನಮ್ಮ ಪಾಡು ನಮಗೆ.

ಈ ಪಾಡುಗಳು ಇರುವುದು ಅಳಿವೆಯಲ್ಲಿ. ಅಂದರೆ ನದಿ ಸಮುದ್ರ ಸೇರುವ ಜಾಗದಲ್ಲಿ, ಉಪ್ಪುನೀರು ಸಿಹಿನೀರು ಕಲೆಸಿಕೊಳ್ಳುವ ಕೆಸರಿನಲ್ಲಿ. ಚಾಮರಾಜನಗರಕ್ಕೂ ಅಳಿವೆಗೂ ಏನು ಸಂಬಂಧ? ನಮ್ಮಲ್ಲಿ ಉಪ್ಪುನೀರು ಅಂದರೆ ಬೋರ್‌ವೆಲ್ಲಿನದು. ವಿಷಯ ಏನೆಂದರೆ ಅವಳ ಗೈಡು ಕರಾವಳಿಯವರು. ವರ್ಗವಾಗಿ ಈ ಕಡೆ ಬಂದರು. ಬರುವಾಗ ಸಮುದ್ರವನ್ನು ಅಲ್ಲೇ ಬಿಟ್ಟು ಬರಲು ಅವರಿಗೆ ಮನಸ್ಸಾಗಲಿಲ್ಲ. ಅಷ್ಟೇ.

ಸರಿ, ಆ ಹುಳಕ್ಕೂ ಪಿಎಚ್‌ಡಿಗೂ ಏನು ಸಂಬಂಧ? ನಾನೂ ಕೇಳಿದೆ. ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ನಿಮಗೆ ದಾಟಿಸುತ್ತೇನೆ.

ನದಿ ಬರುವ ದಾರಿಯಲ್ಲಿ ಯಾರ್ಯಾರೋ ಏನೇನೋ ಬಿಡುತ್ತಾರೆ. ಅದರಲ್ಲಿ ಸೀಸ, ತಾಮ್ರ, ಸತುವಿನಂಥ ಲೋಹಗಳೂ ಇರುತ್ತವೆ. ನೀರು ಮುಂದಕ್ಕೆ ಹರಿದು ಹೋಗುತ್ತದೆ, ನೋಡಲು ತಿಳಿಯಾಗಿಯೂ ಕಾಣುತ್ತದೆ. ಲೋಹ ತಳದ ಕೆಸರಿನಲ್ಲಿ ಕೂತುಬಿಡುತ್ತದೆ. ಕೆಸರಿನಲ್ಲಿ ಎಷ್ಟು ಲೋಹ ಇದೆ ಎಂದು ಹೇಳಲು ಯಂತ್ರವಿದೆ. ಆದರೆ ಅದರಲ್ಲಿ ಜೀವಕ್ಕೆ ತಾಗುವುದು ಎಷ್ಟು? ಅದನ್ನು ಯಂತ್ರ ಹೇಳಲಾರದು. ಆ ಕೆಸರಿನಲ್ಲೇ ಗುಂಡಿ ತೋಡಿ, ಅದನ್ನೇ ತಿಂದು, ಅದರಲ್ಲೇ ಮರಿ ಹಾಕುವ ಜೀವವೇ ಹೇಳಬೇಕು. ಹಾಗಾಗಿ ಒಂದು ಪಾತ್ರೆಯಲ್ಲಿ ಒಳ್ಳೆಯ ಕೆಸರು, ಇನ್ನೊಂದರಲ್ಲಿ ಅನುಮಾನದ ಕೆಸರು. ಎರಡಕ್ಕೂ ಒಂದೇ ಊರಿನ ಆರೋಗ್ಯವಂತ ಪಾಡುಗಳನ್ನು ಬಿಡುವುದು. ಎಷ್ಟು ಬದುಕಿದವು, ಎಷ್ಟು ಸತ್ತವು, ಉಳಿದವುಗಳ ಮೈಯಲ್ಲಿ ಎಷ್ಟು ಲೋಹ ಸೇರಿತು ಎಂದು ವಾರಗಟ್ಟಲೆ ನೋಡುವುದು.

"ಮಗುವಿಗೆ ಹಾಲು ಕೊಡೋ ಮುಂಚೆ ಕೈ ಮೇಲೆ ಒಂದು ತೊಟ್ಟು ಹಾಕಿ ಬಿಸಿ ನೋಡ್ತಾರಲ್ಲ, ಹಾಗೆ" ಎಂದೆ.

"ಹೂಂ ಚಿಕ್ಕಮ್ಮ. ಸುಡೋದು ಮಾತ್ರ ಪಾಡಿನ ಕೈ."

ಇಷ್ಟು ಕೇಳಿ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವವರಾದರೆ ಅಂಕಣ ಏಕೆ ಬರೆಯುತ್ತಿದ್ದೆವು? ಅವಳು ಕೆಸರು ತರಲು ಕ್ಯಾಲಿಕಟ್ ಕಡೆ ಹೊರಟಾಗ, ಹೆಣ್ಣುಹುಡುಗಿ ಒಬ್ಬಳೇ ಏಕೆ ಎಂದು ನೆಪ ಹೇಳಿ ನಾನೂ ಹೊರಟೆ. (ಹೊರಟದ್ದು ಕಡಲು ನೋಡುವುದಕ್ಕೆ ಮತ್ತು ಮೀನು ತಿನ್ನುವುದಕ್ಕೆ. ಅದು ಅವಳಿಗೂ ಗೊತ್ತಿತ್ತು.)

ಭಾನುವಾರ ಬೆಳಗ್ಗೆ ನೀರು ಇಳಿದ ಹೊತ್ತಿಗೆ ಅಳಿವೆಗೆ ಇಳಿದೆವು. ಮೊಣಕಾಲುದ್ದ ಕೆಸರು. ನನ್ನ ಎಡಗಾಲಿನ ಚಪ್ಪಲಿಯನ್ನು ಅದು ಒಂದು ಮಾತೂ ಕೇಳದೇ ಇಟ್ಟುಕೊಂಡಿತು. ಸಿಂಚನಾ ಒಂದು ಜರಡಿ ಹಿಡಿದು ಕೆಸರು ತೊಳೆದು ತೊಳೆದು ಪಾಡುಗಳನ್ನು ಹೆಕ್ಕಿದಳು. ಬಿಲ್ಲಿನಂತೆ ಬಾಗಿದ ಬೆನ್ನು. ನೆಟ್ಟಗೆ ಈಜಲು ಬಾರದು, ಮಗ್ಗುಲಾಗಿ ಈಜುತ್ತವೆ. ಅವಳು ಒಂದನ್ನು ಅಂಗೈ ಮೇಲಿಟ್ಟು ತೋರಿಸಿದಳು. ಹೊಟ್ಟೆಯ ಕೆಳಗೆ ಚೀಲ. ಚೀಲದ ತುಂಬ ಸಾಸಿವೆಗಿಂತ ಸಣ್ಣ ಮೊಟ್ಟೆ.

"ಬಸುರಿ" ಎಂದಳು, ಸ್ವಂತ ತಂಗಿಯ ವಿಷಯ ಹೇಳುವ ಹಾಗೆ.

ಪಾಡುಗಳು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅಳಿವೆಯ ನೀರಿನ ಜೊತೆ ಕೂತವು. ಉಸಿರಾಟಕ್ಕೆ ಬ್ಯಾಟರಿಯ ಪುಟ್ಟ ಪಂಪು, ತಂಪಿಗೆ ಐಸ್. ಪಾಡುಗಳು ಚೆನ್ನಾಗಿದ್ದ ಜಾಗದ ಕೆಸರು ಎರಡು ಡಬ್ಬ. ಅಳಿವೆಯ ಇನ್ನೊಂದು ಬದಿಯ, ಯಂತ್ರ ಈಗಾಗಲೇ ಲೋಹ ಇದೆ ಎಂದು ತೋರಿಸಿದ್ದ ಜಾಗದ ಕೆಸರು ಉಳಿದ ಡಬ್ಬಗಳಲ್ಲಿ.

ಬಸ್ ಸ್ಟ್ಯಾಂಡಿಗೆ ಬಂದೆವು. ಕಂಡಕ್ಟರ್ ಒಮ್ಮೆ ಮೂಸಿದ. ಮಲಯಾಳದಲ್ಲಿ ಏನೋ ಹೇಳಿದ. ಭಾಷೆ ಬಾರದಿದ್ದರೂ ನನಗೆ ಪೂರ್ತಿ ಅರ್ಥವಾಯಿತು.

ಆಗ ನೆನಪಾದವನು ಇಮ್ತಿಯಾಜ್. ಗುಂಡ್ಲುಪೇಟೆಯಲ್ಲಿ ನಮ್ಮ ತವರುಮನೆಯ ಬೀದಿಯವನು. ನಮ್ಮ ಕಡೆಯ ರೈತರ ಬೀನ್ಸು, ಟೊಮೆಟೊ, ಎಲೆಕೋಸನ್ನು ತನ್ನ ಪಿಕಪ್‌ನಲ್ಲಿ ಹೇರಿಕೊಂಡು ಕ್ಯಾಲಿಕಟ್ ಮಾರ್ಕೆಟ್ಟಿಗೆ ಹೋಗಿ, ಖಾಲಿ ಕ್ರೇಟುಗಳ ಜೊತೆ ವಾಪಸ್ ಬರುತ್ತಾನೆ. ಮನೆಯಲ್ಲಿ ಉರ್ದು, ಹೊಲದಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮಲಯಾಳ. ಫೋನ್ ಮಾಡಿದೆ. ನಮ್ಮ ಪುಣ್ಯ, ಅಲ್ಲೇ ಇದ್ದ.

"ಬನ್ನಿ ಅಕ್ಕ, ಗಾಡಿ ಖಾಲಿ ಅದೆ. ಏನ್ ಲಗೇಜು?"

"ಒಂದಿಷ್ಟು ಮಣ್ಣು."

ಮೂವರೂ ಮುಂದೆ ಕೂತೆವು. ಘಟ್ಟ ಹತ್ತುವ ಹೊತ್ತಿಗೆ ಬಿಸಿಲಿಗೆ ಒಂದು ಡಬ್ಬದ ಮುಚ್ಚಳ ಉಬ್ಬಿ ಗಾಳಿ ಬಿಟ್ಟಿತು. ಇಮ್ತಿಯಾಜ್ ಮೂಗು ಮುಚ್ಚಿಕೊಂಡೇ ಸ್ಟೀರಿಂಗ್ ತಿರುಗಿಸಿದ.

"ಅಕ್ಕ, ಮಣ್ಣು ಅಂದ್ರಿ. ಮಣ್ಣು ಇಂಗ್ ನಾರ್ತದಾ?"

"ಉಪ್ಪುನೀರಿನ ಮಣ್ಣು ಕಣೋ."

"ಯಾ ಅಲ್ಲಾ. ಕಾಡಿನಾಗೆ ಆನೆ ಅಡ್ಡ ಬಂದ್ರೂ ಇವತ್ತು ತಾನಾಗೇ ಓಡೋಯ್ತದೆ ಬುಡಿ."

ಕಾಡು ದಾಟುವವರೆಗೂ ನಗುತ್ತಲೇ ಬಂದೆವು. ಚೆಕ್‌ಪೋಸ್ಟ್ ಬಂತು.

ಗಾರ್ಡ್ ಸಿದ್ದರಾಜು. ಆ ಸುತ್ತಿನ ಒಂದು ಹಳ್ಳಿಯವನು ಎಂದು ಆಮೇಲೆ ತಿಳಿಯಿತು. ಇಮ್ತಿಯಾಜ್‌ನ ಪರಿಚಯ ಇತ್ತು. ಕೈ ಬೀಸಿ ಬಿಡುವವನಿದ್ದ. ಅಷ್ಟರಲ್ಲಿ ಗಾಳಿ ನಮ್ಮ ಕಡೆಯಿಂದ ಅವನ ಕಡೆಗೆ ತಿರುಗಿತು.

"ಇದ್ಯಾನ್ಲಾ ವಾಸ್ನೆ?"

"ಖಾಲಿ ಕ್ರೇಟು ಸಾ. ಜೊತ್ಗೆ ಅಕ್ಕಾರ್ದು ಒಸಿ ಮಣ್ಣು."

ಸಿದ್ದರಾಜು ಹಿಂದೆ ಹೋಗಿ ಟಾರ್ಪಾಲು ಎತ್ತಿದ. ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಪೊ... ಲ್ಯೂ... ಟೆಡ್." ತಲೆ ಎತ್ತಿ ನನ್ನನ್ನು ನೋಡಿದ. "ಇನ್ಯಾರ್ ಬಂದು ಸಾಕ್ಷಿ ಏಳ್ಬೇಕು? ನೀವೇ ಬರ್ದು ಅಂಟ್ಸಿದ್ದೀರಲ್ಲ!"

ನಂತರ ಕಣ್ಣು ಥರ್ಮಾಕೋಲ್ ಪೆಟ್ಟಿಗೆಯ ಮೇಲೆ ಬಿತ್ತು. ಅದರ ಮೇಲೆ ನಮ್ಮ ಸತ್ಯಹರಿಶ್ಚಂದ್ರೆ ಇನ್ನೊಂದು ಲೇಬಲ್ ಅಂಟಿಸಿದ್ದಳು: 'ಲೈವ್ ಅನಿಮಲ್ಸ್'.

ಅರಣ್ಯದ ಚೆಕ್‌ಪೋಸ್ಟಿನಲ್ಲಿ ಜೀವಂತ ಪ್ರಾಣಿ! ಒಂದೇ ಗಾಡಿಯಲ್ಲಿ ಎರಡು ಕೇಸು.

ಪಕ್ಕದ ಟೀ ಅಂಗಡಿಯ ಬೆಂಚು ಖಾಲಿಯಾಯಿತು. ಹಿಂದೆ ನಿಂತ ಲಾರಿಯವರು ಇಳಿದರು. ಯಾರೋ ಮೊಬೈಲ್ ಎತ್ತಿ ವಿಡಿಯೊ ಶುರು ಮಾಡಿದರು. "ಕೇರಳದ್ ಕಸ ಕಣ್ಲಾ!" "ಗಾಡಿ ಸೀಜ್ ಮಾಡ್ಸಿ ಸಾ!" "ಇವರ್ನ ಸುಮ್ಕೆ ಬುಡ್ಬೇಡಿ!"

ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. "ನೋಡಿ, ನಾನು ಪೇಪರಿನಲ್ಲಿ ಪ್ರತಿ ವಾರ ಅಂಕಣ ಬರೆಯುತ್ತೇನೆ."

"ಯಾವ್ ಪೇಪರು?" ಎಂದ ಒಬ್ಬ.

ಹೇಳಿದೆ.

"ಅದು ನಮ್ಮೂರ್ಗೆ ಬರಕಿಲ್ಲ."

ಬ್ರಹ್ಮಾಸ್ತ್ರ ಹಾಗೆಯೇ ಬತ್ತಳಿಕೆಗೆ ವಾಪಸ್ ಹೋಯಿತು.

ಇಲ್ಲಿಯವರೆಗೂ ನನಗೆ ಇದು ತಮಾಷೆಯಾಗಿಯೇ ಇತ್ತು. ಒಳ್ಳೆಯ ಅಂಕಣ ಸಿಕ್ಕಿತು ಎಂದು ಒಳಗೊಳಗೇ ಖುಷಿಯೂ ಆಗಿತ್ತು, ಮುಚ್ಚಿಡುವುದೇಕೆ. ಇಮ್ತಿಯಾಜ್‌ನ ಮುಖ ನೋಡಿದಾಗ ಆ ಖುಷಿ ಇಳಿಯಿತು. ಬಿಳಿಚಿಕೊಂಡಿದ್ದ. ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ.

"ಅಕ್ಕ, ನೀವು ಮನೇಗೆ ಓಯ್ತೀರಿ. ನನ್ ಗಾಡಿ ವಿಡಿಯೊದಾಗೆ ಬಂದ್ಬುಟ್ರೆ, ನನ್ ಎಸ್ರೂ ಬಂದ್ಬುಟ್ರೆ, ನಾಳೆಯಿಂದ ಯಾವ ರೈತ ನನ್ ಗಾಡಿಗೆ ತರ್ಕಾರಿ ಆಕ್ತಾನೆ? ಕಸ ಆಕೋ ಗಾಡಿ ಅಂತಾರೆ."

ಹೇಳಿ, ಗಾಡಿಯ ನಂಬರ್ ಪ್ಲೇಟಿಗೆ ಅಡ್ಡವಾಗಿ ಹೋಗಿ ನಿಂತ.

ಗುಂಪಿನ ಸಿಟ್ಟೂ ಸುಮ್ಮನೆ ಬಂದದ್ದಲ್ಲ. ಹುಲ್ಲಿನ ಹೊರೆ ಕೆಳಗಿಳಿಸಿ ನಿಂತಿದ್ದ ಒಬ್ಬ ಹೆಂಗಸು ಮುಂದೆ ಬಂದು ಚಪ್ಪಲಿ ಕಳಚಿ ಅಂಗಾಲು ತೋರಿಸಿದಳು. ಹೆಸರು ಚೆನ್ನಾಜಮ್ಮ. ಯಾರೋ ರಸ್ತೆ ಬದಿ ಅವಳ ಹೊಲದಲ್ಲಿ ಆಸ್ಪತ್ರೆಯ ಕಸದ ಮೂಟೆ ಎಸೆದು ಹೋಗಿದ್ದರಂತೆ. ಕಳೆ ಕೀಳುವಾಗ ಸೂಜಿ ಚುಚ್ಚಿತಂತೆ.

"ಯಾರ್ಗೆ ಚುಚ್ಚಿದ್ ಸೂಜಿಯೋ ಏನೋ. ತಿಂಗ್ಳುಗಟ್ಲೆ ನಿದ್ದೆ ಬರ್ನಿಲ್ಲ ಕಣವ್ವಾ. ರಕ್ತ ಟೆಸ್ಟು, ಇಂಜೆಕ್ಸನ್ನು, ಮತ್ತೆ ರಕ್ತ ಟೆಸ್ಟು. ಏನೂ ಇಲ್ಲ ಅಂದ್ರು. ಈಗ ನೀವೂ ಡಬ್ಬ ತುಂಬ್ಕೊ ಬಂದಿದ್ದೀರಿ."

ಅವಳ ಜಾಗದಲ್ಲಿ ನಾನಿದ್ದರೆ ಗಾಡಿಗೆ ಕಲ್ಲು ಹೊಡೆಯುತ್ತಿದ್ದೆ.

ಸಿದ್ದರಾಜು ತೀರ್ಪು ಕೊಟ್ಟ. "ವಾಪಸ್ ತಿರುಗ್ಸಿ. ಎಲ್ಲಿಂದ ತಂದ್ರೋ ಅಲ್ಲಿಗೇ ತಗೊಂಡೋಗಿ."

ಆಗ ಸಿಂಚನಾ ಬಾಯಿ ಬಿಟ್ಟಳು. ಪೆಟ್ಟಿಗೆಯ ಪಂಪಿನ ಬ್ಯಾಟರಿ ಸೋಲುತ್ತಿತ್ತು, ಐಸ್ ಕರಗಿತ್ತು. ವಾಪಸ್ ಹೋದರೆ ದಾರಿಯಲ್ಲೇ ಎಲ್ಲವೂ ಸಾಯುತ್ತವೆ. ಹೋದ ಸಲವೂ ಹೀಗೇ ಬಸ್ಸಿನಲ್ಲಿ ಸತ್ತಿದ್ದವು. ಮಳೆಗಾಲ ಶುರುವಾದರೆ ಪಾಡುಗಳನ್ನು ಮತ್ತೆ ಹಿಡಿಯುವ ಹಾಗಿಲ್ಲ, ವರ್ಷವೇ ಹೋಗುತ್ತದೆ. ಈ ಲೆಕ್ಕವೆಲ್ಲ ಅವಳ ತಲೆಯಲ್ಲಿ ಓಡಿರಬೇಕು. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವ ಹಾಗೆ ಮಾತಾಡುವ ಹುಡುಗಿ ಪಿಕಪ್‌ನ ಹಿಂಬದಿ ಹತ್ತಿ ನಿಂತು ಕೂಗಿದಳು.

"ಯಾರಾದ್ರೂ ಎರಡು ಗಾಜಿನ ಲೋಟ ಕೊಡಿ!"

ಕಸ ಸಾಗಿಸುವವರು ಸಿಕ್ಕಿಬಿದ್ದಾಗ ಕಾಲಿಗೆ ಬೀಳುತ್ತಾರೆ, ದಬಾಯಿಸುತ್ತಾರೆ, ಯಾರಿಗೋ ಫೋನ್ ಮಾಡುತ್ತಾರೆ. ಲೋಟ ಕೇಳುವುದಿಲ್ಲ.

ಟೀ ಅಂಗಡಿಯವನು ಕುತೂಹಲಕ್ಕೆ ಎರಡು ಲೋಟ ಕೊಟ್ಟ. (ಆಮೇಲೆ ಎರಡನ್ನೂ ನಮಗೇ ಉಡುಗೊರೆ ಕೊಟ್ಟು, "ಇವ್ನ ನನ್ ಅಂಗ್ಡಿ ಅತ್ರ ತರ್ಬೇಡಿ" ಎಂದ.) ಸಿಂಚನಾ ಒಂದು ಲೋಟಕ್ಕೆ ಒಳ್ಳೆಯ ಡಬ್ಬದ ಕೆಸರು ಎರಡು ಬೆರಳಷ್ಟು ಹಾಕಿದಳು. ಇನ್ನೊಂದಕ್ಕೆ ಕೆಂಪು ಅಕ್ಷರದ ಡಬ್ಬದ್ದು. ಎರಡಕ್ಕೂ ಮೇಲೆ ಅಳಿವೆಯ ನೀರು. ಕೆಸರು ತಳಕ್ಕೆ ಕೂರುವವರೆಗೆ ಎಲ್ಲರನ್ನೂ ಕಾಯಿಸಿದಳು. ಕಾಯಿಸುವುದೂ ಒಂದು ಕಲೆ. ಪೆಟ್ಟಿಗೆ ತೆರೆದು, ಚಮಚದಲ್ಲಿ ಪಾಡುಗಳನ್ನು ಎತ್ತಿ ಎರಡೂ ಲೋಟಕ್ಕೆ ಬಿಟ್ಟಳು.

"ಇವೇಯ ಲೈವ್ ಅನಿಮಲ್ಸು?" ಸಿದ್ದರಾಜುವಿನ ಧ್ವನಿಯಲ್ಲಿ ಭಾರಿ ನಿರಾಸೆ. ಒಂದು ಉಡವಾದರೂ ಇರುತ್ತದೆ ಎಂದುಕೊಂಡಿದ್ದನೇನೋ.

"ನೋಡ್ತಾ ಇರಿ" ಎಂದಳು.

ನೋಡಿದೆವು. ಒಳ್ಳೆಯ ಕೆಸರಿನ ಲೋಟದಲ್ಲಿ ಪಾಡುಗಳು ಮಗ್ಗುಲಾಗಿ ಇಳಿದವು, ಕಾಲಿನಿಂದ ಕೆಸರು ತೋಡಿದವು, ಒಂದೊಂದಾಗಿ ಒಳಗೆ ಸೇರಿಕೊಂಡವು. ಸಂಜೆ ಮನೆ ಸೇರುವ ಕೋಳಿಗಳ ಹಾಗೆ. ಇನ್ನೊಂದು ಲೋಟದಲ್ಲಿ ಇಳಿದವು, ಕೆಸರು ಮುಟ್ಟಿದವು, ತಟ್ಟನೆ ಮೇಲೆ ಬಂದವು. ಮತ್ತೆ ಇಳಿದವು, ಮತ್ತೆ ಮೇಲೆ. ಲೋಟದ ಗೋಡೆಗೆ ತಲೆ ಕೊಟ್ಟು ಸುತ್ತತೊಡಗಿದವು.

"ಅಯ್ಯೋ ಕಾಲಿಡಾಕೆ ಒಲ್ಲೆ ಅಂತಾವಲ್ಲ!" ಚೆನ್ನಾಜಮ್ಮ ಲೋಟಕ್ಕೆ ಮೂಗು ತಾಗುವಷ್ಟು ಬಗ್ಗಿದ್ದಳು.

"ಅತ್ತೆ ಮನೆ ವಾಸ್ನೆ ಇಡ್ದ್‌ಬುಟ್ಟವೆ ಕಣಕ್ಕ" ಎಂದ ಲಾರಿಯವನು.

ಅಷ್ಟರಲ್ಲಿ ಕೆಟ್ಟ ಕೆಸರಿನ ಲೋಟದಲ್ಲಿ ಒಂದೇ ಒಂದು ಪಾಡು ಯಾವ ಯೋಚನೆಯೂ ಇಲ್ಲದೆ ಸೀದಾ ಒಳಗೆ ನುಗ್ಗಿ ಮಾಯವಾಯಿತು.

"ಅದ್ಯಾಕ್ಲಾ ಓಯ್ತು?"

"ಅದು ಪಂಚಾಯ್ತಿ ಮೆಂಬರ್ ಇರ್ಬೇಕು ಬುಡು. ಅದ್ಕೆ ಎಲ್ಲಾ ರೂಢಿ."

ಚೆಕ್‌ಪೋಸ್ಟ್ ಪೂರ್ತಿ ನಕ್ಕಿತು. ಸಿದ್ದರಾಜು ಗಡ್ಡ ಸವರಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಂಡ. ನನಗೆ ಗೆದ್ದೆವು ಎನಿಸಿತು. ಸಿಂಚನಾಗೆ ಅನಿಸಲಿಲ್ಲ. ಗೆದ್ದ ಮೇಲೆ ಸುಮ್ಮನಿರದೆ ಅವಳು ಹೇಳಿದಳು: "ಇದು ಪುರಾವೆ ಅಲ್ಲ. ನಿಮಗೆ ತೋರಿಸೋಕೆ ಮಾಡಿದ್ದು ಅಷ್ಟೇ. ಲೋಹಾನೇ ಕಾರಣ ಅಂತ ಹೇಳ್ಬೇಕಾದ್ರೆ ಲ್ಯಾಬಲ್ಲಿ ತುಂಬ ಸಲ, ತುಂಬ ದಿನ ನೋಡ್ಬೇಕು. ಆ ಒಳಗೆ ಹೋದ ಒಂದನ್ನೂ ಲೆಕ್ಕಕ್ಕೆ ತಗೋಬೇಕು." ನಾನಾಗಿದ್ದರೆ ಹೇಳುತ್ತಿರಲಿಲ್ಲ. ಆದರೆ ಗುಂಪಿನ ಮುಖ ಸಡಿಲವಾದದ್ದು ಈ ಮಾತಿಗೇ. ನಮ್ಮನ್ನು ಮರುಳು ಮಾಡಲು ಬಂದವಳಲ್ಲ ಎಂದು ಅವರಿಗೆ ಅನಿಸಿರಬೇಕು.

ಸಿದ್ದರಾಜು ಮಾತ್ರ ಇನ್ನೂ ಬಿಗಿಯಾಗಿದ್ದ.

"ಟೆಸ್ಟ್ ಮುಗ್ದ ಮ್ಯಾಲೆ ಈ ಕೆಸ್ರ ಎಲ್ಲಿ ಸುರೀತೀರಿ?"

"ಕಾಲೇಜಲ್ಲಿ ಒಂದು ಡ್ರಮ್ ಇದೆ ಸರ್."

"ಡ್ರಮ್ ತುಂಬಿದ್ ಮ್ಯಾಲೆ?"

ಸಿಂಚನಾ ನನ್ನನ್ನು ನೋಡಿದಳು. ನಾನು ಇಮ್ತಿಯಾಜ್‌ನನ್ನು ನೋಡಿದೆ. ಅವನು ಆಕಾಶ ನೋಡಿದ.

ಕೊನೆಗೆ ಇಮ್ತಿಯಾಜನೇ ಹೇಳಿದ. "ನಾನೇ ತಗೊಂಡೋಗಿ ಅಲ್ಲೇ ಆಕ್ಬುಟ್ಟು ಬತ್ತೀನಿ ಸಾ. ಇಲ್ಲೇ ನಿಮ್ ಮುಂದೇನೇ ಓಯ್ತೀನಿ. ಡಬ್ಬ ಎಣ್ಸ್ಕೊಳ್ಳಿ."

ಸಿದ್ದರಾಜು ಎಣಿಸಿಕೊಂಡ. ಸಿಂಚನಾಳ ಗೈಡಿಗೆ ಫೋನ್ ಮಾಡಿಸಿದ. ತನ್ನ ಸಾಹೇಬರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದ. ಒಂದೊಂದು ಡಬ್ಬದ ಪಕ್ಕದಲ್ಲೂ ಸಿಂಚನಾಳನ್ನು ನಿಲ್ಲಿಸಿ ಫೋಟೊ ತೆಗೆದ. ಆ ಫೋಟೊಗಳಲ್ಲಿ ಅವಳು ಸರ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ. ವಿಡಿಯೊ ಮಾಡುತ್ತಿದ್ದವನನ್ನು ಕರೆದು ಗಾಡಿ ಕಾಣುವ ಭಾಗ ಅಳಿಸು ಎಂದ. ಇಮ್ತಿಯಾಜ್ ಅಲ್ಲೇ ನಿಂತು ಅಳಿಸಿದ್ದನ್ನು ಕಣ್ಣಾರೆ ನೋಡಿ, ಉಸಿರು ಬಿಟ್ಟು, ಎಲ್ಲರಿಗೂ ಟೀ ಹೇಳಿದ. (ಬೇರೆ ಲೋಟಗಳಲ್ಲಿ.)

ಟೀ ಕುಡಿಯುವಾಗ ಚೆನ್ನಾಜಮ್ಮ ಸಿಂಚನಾಳ ಪಕ್ಕ ಕೂತಳು.

"ಕೂಸೇ, ನಮ್ ಕೆರೆ ಮಣ್ಗೆ ಬುಟ್ರೆ ಇವು ಏನಾದಾವು? ನಮ್ ದನ ಅಲ್ಲೇ ನೀರ್ ಕುಡ್ಯದು."

"ಇವು ಉಪ್ಪುನೀರಿನವು ಅಮ್ಮ. ಕೆರೆ ಒಳ್ಳೇದಿದ್ರೂ ಸಾಯ್ತವೆ. ಕೆರೇಲೇ ಇರೋ ಬೇರೆ ಜಾತಿ ಇದೆ, ರಾಗಿಕಾಳಿನ ಹಾಗೆ, ಎರಡು ಚಿಪ್ಪಿನ ಒಳಗೆ ಇರ್ತವೆ. ಅದ್ರಲ್ಲಿ ನೋಡ್ಬಹುದು."

"ನೋಡೀಯ?"

"ನೋಡ್ತೀನಿ."

ನನ್ನ ಅನುಭವದಲ್ಲಿ ಇಂಥ ಮಾತುಗಳು ಟೀ ಜೊತೆಗೇ ಆರಿಹೋಗುತ್ತವೆ. ಸಿಂಚನಾಳ ವಿಷಯದಲ್ಲಿ ನನ್ನ ಅನುಭವ ಸೋತಿತು.

ಆ ರಾತ್ರಿ ಪಾಡುಗಳು ನಮ್ಮ ಬಚ್ಚಲುಮನೆಯಲ್ಲಿ ತಂಗಿದವು. ಲ್ಯಾಬಿಗೆ ಭಾನುವಾರ ಬೀಗ. ಯಜಮಾನರು ಸ್ನಾನಕ್ಕೆ ಪಕ್ಕದ ಮನೆಗೆ ಹೋದರು. ಬೆಳಗ್ಗೆ ನೋಡಿದರೆ ಹೆಚ್ಚಿನ ಪಾಡುಗಳು ಬದುಕಿದ್ದವು. ಮುಂದೆ ಲ್ಯಾಬಿನಲ್ಲಿ ಆದದ್ದು ಚೆಕ್‌ಪೋಸ್ಟಿನಲ್ಲಿ ಕಂಡದ್ದಕ್ಕಿಂತ ಗಂಭೀರ. ಕೆಂಪು ಅಕ್ಷರದ ಕೆಸರಿನಲ್ಲಿ ದಿನ ಕಳೆದಂತೆ ಅವು ಕಡಿಮೆಯಾಗುತ್ತ ಹೋದವು. ಉಳಿದವುಗಳ ಮೈಯಲ್ಲಿ ಲೋಹ ಏರಿತ್ತು. ಒಳ್ಳೆಯ ಕೆಸರಿನಲ್ಲಿ ಬಸುರಿಯರಿಗೆ ಹೆರಿಗೆಯೂ ಆಯಿತು. ಸಿಂಚನಾ ಮನೆಗೆ ಬಂದು ಎರಡೂ ಸುದ್ದಿಯನ್ನು ಒಂದೇ ಧ್ವನಿಯಲ್ಲಿ ಹೇಳಿದಳು. ಸತ್ತವುಗಳ ಸುದ್ದಿ ಅವಳ ಸಂಶೋಧನೆಗೆ ಒಳ್ಳೆಯದು. ಆದರೂ ಆ ದಿನ ಊಟ ಬೇಡವೆಂದಳು.

ಡಬ್ಬಗಳು ಇಮ್ತಿಯಾಜ್‌ನ ಗಾಡಿಯಲ್ಲೇ ವಾಪಸ್ ಹೋದವು. ಸಿದ್ದರಾಜು ಎಣಿಸಿ ಕಳಿಸಿದ.

ಆಮೇಲೆ ನಾವು ಚೆನ್ನಾಜಮ್ಮನ ಊರಿಗೆ ಹೋದೆವು. ಅದು ಸಿದ್ದರಾಜುವಿನ ಊರೂ ಹೌದು. ಬಸ್ಸಿಳಿದರೆ ಅವನ ಬೈಕು ಕಾದಿತ್ತು. ಕೆರೆ ಏರಿಯ ಮೇಲೆ ಅರ್ಧ ಊರು ಕಾದಿತ್ತು.

ಯಾವ ಮೂಲೆಯ ಕೆಸರು ತೆಗೆಯಬೇಕು? ಇಷ್ಟು ಸಣ್ಣ ಪ್ರಶ್ನೆ. ಅಲ್ಲಿಂದ ಶುರುವಾಯಿತು ನೋಡಿ.

ಟ್ರ್ಯಾಕ್ಟರ್ ತೊಳೆಯುವ ಮೂಲೆಯಲ್ಲಿ ತೆಗೀರಿ ಎಂದರು ಗಣಪತಿ ಬಿಡುವ ಮೂಲೆಯವರು. ಬಣ್ಣದ ಗಣಪತಿ ಕರಗುವ ಮೂಲೆಯಲ್ಲಿ ತೆಗೀರಿ ಎಂದರು ಟ್ರ್ಯಾಕ್ಟರಿನವರು. ಔಷಧಿ ಕ್ಯಾನು ತೊಳೆಯುವ ಕಡೆ ಬೇಡ, ಅಲ್ಲಿ ಆಳ ಜಾಸ್ತಿ ಎಂದರು ಇನ್ನೊಬ್ಬರು. (ಆಳ ಮೊಣಕಾಲಿಗೂ ಬರಲಿಲ್ಲ.) ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ನಡುಮಧ್ಯಕ್ಕೆ ಓಗಿ ತಗೊಳ್ಳಿ ಕಣವ್ವಾ, ನಡುಮಧ್ಯ ಯಾರ್ದೂ ಅಲ್ಲ" ಎಂದರು. ಕೇರಳದ ಡಬ್ಬ ಬಂದಾಗ ಒಂದೇ ಬಾಯಾಗಿದ್ದ ಜನ ಇವರೇ ಏನು?

ಚೆನ್ನಾಜಮ್ಮ ಸೀರೆ ಮೇಲೆ ಕಟ್ಟಿದಳು. ನೀರಿಗಿಳಿದಳು. ಮೊದಲು ತನ್ನ ಮನೆಯವರು ಬೆಳ್ಳುಳ್ಳಿ ಹೊಲಕ್ಕೆ ಹೊಡೆಯುವ ಔಷಧಿಯ ಕ್ಯಾನು ತೊಳೆಯುವ ಜಾಗದಿಂದಲೇ ಒಂದು ಡಬ್ಬ ತುಂಬಿಸಿದಳು. ಅದಾದ ಮೇಲೆ ಉಳಿದ ಮೂಲೆಗಳಿಗೆ ಹೋದಳು. ಅವಳನ್ನು ತಡೆಯಲು ಯಾರಿಗೂ ಬಾಯಿ ಬರಲಿಲ್ಲ.

ಕೊನೆಯ ಡಬ್ಬ ಕೊಡುವಾಗ ನನ್ನ ಕಡೆ ತಿರುಗಿದಳು.

"ಪೇಪರ್ಗೆ ಬರೀತೀನಿ ಅಂದಿದ್ರಲ್ವ ಅವತ್ತು? ಇವು ಸತ್ರೆ ಮೊದ್ಲು ನಮ್ಗೆ ಏಳ್ತೀರೋ, ಪೇಪರ್ಗೆ ಏಳ್ತೀರೋ?"

"ನಿಮಗೆ" ಎಂದೆ.

"ಆಮೇಕೆ ಪೇಪರ್ಗೆ?"

"ನೀವು ಬೇಡ ಅಂದ್ರೆ ಇಲ್ಲ."

ಅವಳು ಡಬ್ಬವನ್ನು ನನ್ನ ಕೈಗೆ ಕೊಟ್ಟಳು. "ಬರೀರಿ. ಊರು ಬರೀಬೇಡಿ, ಮೂಲೆ ಬರೀಬೇಡಿ. ನಾವ್ ಸರಿ ಮಾಡ್ಕತೀವಿ. ಆಗ್ನಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ, ಆಗ ಎಲ್ಲಾನೂ ಬರೀರಿ, ನನ್ ಗಂಡನ್ ಎಸ್ರು ಸೇರ್ಸಿ."

ಫಲಿತಾಂಶ ಬಂತು. ಸಿಂಚನಾ ತಾನೇ ಹೋಗಿ ಕೆರೆ ಏರಿಯ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿ ಬಂದಳು. ಒಂದು ಮೂಲೆ ಬಿಟ್ಟು ಉಳಿದ ಕಡೆ ರಾಗಿಕಾಳಿನಂಥ ಜೀವಗಳು ಹಾಯಾಗಿದ್ದವು. ಆ ಒಂದು ಮೂಲೆಯ ಕೆಸರಿನಲ್ಲಿ ಉಳಿಯಲಿಲ್ಲ. ಯಾರೂ ಜಗಳ ಆಡಲಿಲ್ಲವಂತೆ. ಒಂದಿಬ್ಬರು ಫೋನ್ ಬಂದ ಹಾಗೆ ಎದ್ದು ಹೋದರಂತೆ. ಈಗ ದನಗಳನ್ನು ಬೇರೆ ಕಡೆಯಿಂದ ನೀರಿಗೆ ಇಳಿಸುತ್ತಿದ್ದಾರೆ. ಆ ಮೂಲೆಗೆ ಸಿದ್ದರಾಜು ಮುಳ್ಳಿನ ಬೇಲಿ ಹಾಕಿಸಿದ್ದಾನೆ. ಚೆನ್ನಾಜಮ್ಮ ಇದುವರೆಗೆ ಫೋನ್ ಮಾಡಿಲ್ಲ.

ಯಾವ ಊರು, ಯಾವ ಮೂಲೆ ಎಂದು ನೀವು ಎಷ್ಟು ಕೇಳಿದರೂ ನಾನು ಹೇಳುವುದಿಲ್ಲ; ಇಲ್ಲಿ ಬಂದವರ ಹೆಸರುಗಳನ್ನೂ ಬದಲಿಸಿದ್ದೇನೆ. ಅದಿರಲಿ, ನಿಮ್ಮೂರಿನಲ್ಲೂ ಒಂದು ಕೆರೆ ಇರಬೇಕಲ್ಲ?